ಡ್ರಿಲ್ ಮೇಷ್ಟ್ರು ಮತ್ತು ಖೋ ಖೋ ಹುಡುಗಿಯರು

2025ರ ಜನವರಿ 19ರ ಭಾನುವಾರ ದೆಹಲಿಯ ಇಂದಿರಾ ಗಾಂಧಿ ಒಳಾಂಗಣ ಕ್ರೀಡಾಂಗಣದಲ್ಲಿ ಖೋ ಖೋ ಆಟದ ಮೊತ್ತಮೊದಲ ವಿಶ್ವಕಪ್‌ನ ಮಹಿಳೆಯರ ಅಂತಿಮ ಪಂದ್ಯ ನಡೆಯಿತು. ಭಾರತದ ಎದುರಿಗೆ ನೇಪಾಳ. ನಾಲ್ಕನೆಯದೂ ಕೊನೆಯದೂ ಆದ ಸರದಿಯಲ್ಲಿ ಬೆನ್ನಟ್ಟುವ ಪಾಳಿ ನೇಪಾಳದ್ದು, ತಪ್ಪಿಸಿಕೊಳ್ಳುವ ಪಾಳಿ ಭಾರತದ್ದು. ಆಗ ಕಣಕ್ಕಿಳಿದ ಭಾರತದ ಗುಂಪೊಂದು 5 ನಿಮಿಷ 14 ಸೆಕೆಂಡುಗಳ ಕಾಲ ಪೂರ್ತಿಯಾಗಿ ಎದುರಾಳಿಗಳ ಕೈಗೆ ಸಿಕ್ಕಲೇ ಇಲ್ಲ. ಖೋ ಖೋ ಬಲ್ಲವರಿಗೆ ಇದರ ಬೆಲೆ ಗೊತ್ತು. ಎರಡು ನಿಮಿಷ ತಪ್ಪಿಸಿಕೊಂಡರೇ ಸುತ್ತ ನಿಂತವರು ಚಪ್ಪಾಳೆ ಹೊಡೆಯುವ ಆಟವಿದು. ಭಾರತ 78-40 ಅಂಕಗಳಿಂದ ಗೆದ್ದಿತು. ಆ ಗುಂಪಿನ ಓಟಕ್ಕೆ ಜೀವ ತುಂಬಿ ಪಂದ್ಯದ ಶ್ರೇಷ್ಠ ಆಟಗಾರ್ತಿ ಎನಿಸಿಕೊಂಡವರು ಬಿ. ಚೈತ್ರಾ. ಊರು ಮೈಸೂರು ಜಿಲ್ಲೆ ತಿ. ನರಸೀಪುರ ತಾಲ್ಲೂಕಿನ ಕುರುಬೂರು.

ಕುರುಬೂರು ಎಂದರೆ ಅದುವರೆಗೆ ಪತ್ರಿಕೆ ಓದುವವರಿಗೆ ನೆನಪಾಗುತ್ತಿದ್ದುದು ಕಬ್ಬು ಬೆಳೆಗಾರರ ಹೋರಾಟ ಮತ್ತು ರೈತ ಮುಖಂಡ ಕುರುಬೂರು ಶಾಂತಕುಮಾರ್ ಅವರ ಹೆಸರು. ಈಗ ಅದೇ ಊರಿನ ಹೆಸರು ಆಟದ ಪುಟದಲ್ಲಿ ಬಂತು. ಚೈತ್ರಾ ರೈತ ಕುಟುಂಬದ ಮಗಳು. ಆಟ ಕಲಿತದ್ದು ಊರಿನ ಶಾಲೆಯ ಮೈದಾನದಲ್ಲಿ, ಕಲಿಸಿದವರು ಶಾಲೆಯ ದೈಹಿಕ ಶಿಕ್ಷಕರು. 15 ಮಂದಿಯ ಭಾರತ ತಂಡದಲ್ಲಿ ಕರ್ನಾಟಕದಿಂದ ಇದ್ದವರು ಅವರೊಬ್ಬರೇ.

ಇಂಥ ಸುದ್ದಿ ಬಂದಾಗ ನಾವು ಸಾಮಾನ್ಯವಾಗಿ ಗೆದ್ದವರನ್ನು ಮಾತ್ರ ನೋಡುತ್ತೇವೆ. ಹಾರ, ಮೆರವಣಿಗೆ, ಅಭಿನಂದನಾ ಸಮಾರಂಭ ಎಲ್ಲ ಮುಗಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ಕಪಿಲೆ-ಕಾವೇರಿಯರ ನಡುವಿನ ಒಂದು ಹಳ್ಳಿಯ ಹತ್ತಾರು ಹುಡುಗಿಯರಲ್ಲಿ ಇವಳು ಓಡಬಲ್ಲಳು ಎಂದು ಮೊದಲು ಕಂಡುಕೊಂಡವರು ಯಾರು? ಆಕೆಯನ್ನು ಮೈದಾನಕ್ಕೆ ಕರೆತಂದದ್ದು ಹೇಗೆ? ಐದಾರು ವರ್ಷ, ಹತ್ತು ವರ್ಷ ಅಲ್ಲೇ ಉಳಿಸಿಕೊಂಡದ್ದು ಹೇಗೆ? ಇದಕ್ಕೆ ಉತ್ತರ ಹುಡುಕಹೊರಟರೆ ಒಬ್ಬ ಆಟಗಾರ್ತಿಯ ಕಥೆಯ ಜೊತೆಗೆ ನಮ್ಮ ಶಾಲೆಗಳ ಶತಮಾನದ ಚರಿತ್ರೆಯೂ ಬಿಚ್ಚಿಕೊಳ್ಳುತ್ತದೆ.

ಎರಡು ಕಂಬ, ಒಂದು ಹಿಡಿ ಸುಣ್ಣ

ಮೊದಲು ಆಟದ ಮಾತು. ಖೋ ಖೋ ಎಷ್ಟು ಹಳೆಯದು ಎಂಬ ಬಗ್ಗೆ ಹಲವು ಮಾತುಗಳಿವೆ. ಆದರೆ ಅದಕ್ಕೆ ಬರಹದ ನಿಯಮಗಳು ಬಂದದ್ದು 1914ರಲ್ಲಿ, ಪುಣೆಯ ಡೆಕ್ಕನ್ ಜಿಮ್‌ಖಾನಾದಲ್ಲಿ. ಮುಂದೆ ಬರೋಡದ ಜಿಮ್‌ಖಾನಾ ಕೂಡ ನಿಯಮಗಳನ್ನು ತಿದ್ದಿ ಪ್ರಕಟಿಸಿತು. ಸ್ವಾತಂತ್ರ್ಯದ ನಂತರ ಐವತ್ತರ ದಶಕದ ನಡುವೆ ಭಾರತ ಖೋ ಖೋ ಫೆಡರೇಷನ್ ಹುಟ್ಟಿತು. 1959-60ರಲ್ಲಿ ವಿಜಯವಾಡದಲ್ಲಿ ಪುರುಷರ ರಾಷ್ಟ್ರೀಯ ಪಂದ್ಯಾವಳಿ ಮೊದಲಾಯಿತು. ಮರುವರ್ಷವೇ ಮಹಿಳೆಯರ ಪಂದ್ಯಾವಳಿಯೂ ಬಂತು. ನಮ್ಮ ಎಷ್ಟೋ ಆಟಗಳಲ್ಲಿ ಹೆಂಗಸರು ಗಂಡಸರಿಗಿಂತ ಹತ್ತಿಪ್ಪತ್ತು ವರ್ಷ ಹಿಂದೆ ಕಣಕ್ಕಿಳಿದರು. ಖೋ ಖೋದಲ್ಲಿ ಆ ಅಂತರ ಒಂದೇ ವರ್ಷ. 1970ರಲ್ಲಿ ಈ ಆಟಕ್ಕೆ ಮೊದಲ ಅರ್ಜುನ ಪ್ರಶಸ್ತಿ ಬಂದರೆ, 1971ರಲ್ಲೇ ಅಚಲಾ ದೇವರೆ ಎಂಬ ಆಟಗಾರ್ತಿಗೆ ಆ ಗೌರವ ಸಂದಿತು.

ಇದಕ್ಕೆ ಆಟದ ಸ್ವಭಾವವೂ ಕಾರಣವಿರಬೇಕು. ಬ್ಯಾಸ್ಕೆಟ್‌ಬಾಲ್ ಆಡಲು ಸಿಮೆಂಟಿನ ಅಂಕಣ ಬೇಕು, ಹತ್ತಡಿ ಎತ್ತರದ ಬಳೆ ಬೇಕು, ಹಲಗೆ ಬೇಕು, ಚೆಂಡು ಬೇಕು. ಹಾಕಿಗೆ ಕೋಲು, ಕ್ರಿಕೆಟ್‌ಗೆ ಇನ್ನೂ ಏನೇನೋ. ಖೋ ಖೋಗೆ ಬೇಕಾದದ್ದು ಎರಡು ಕಂಬ, ಗೆರೆ ಎಳೆಯಲು ಸುಣ್ಣದ ಪುಡಿ, ಕಲ್ಲು ಆಯ್ದ ಒಂದಿಷ್ಟು ನೆಲ. ಬೂಟು ಇಲ್ಲದಿದ್ದರೂ ನಡೆಯುತ್ತದೆ. ಕುಂಟೆಬಿಲ್ಲೆ, ಕಣ್ಣಾಮುಚ್ಚಾಲೆ, ಮುಟ್ಟಾಟ ಆಡಿ ಬೆಳೆದ ಹುಡುಗಿಗೆ ಇದು ಹೊರಗಿನ ಆಟ ಎನಿಸುವುದೂ ಇಲ್ಲ. ಮುಟ್ಟಾಟಕ್ಕೆ ಗೆರೆ ಹಾಕಿ ನಿಯಮ ಕಟ್ಟಿದರೆ ಹೆಚ್ಚುಕಡಿಮೆ ಖೋ ಖೋ ಆಗುತ್ತದೆ.

ಆಟ ಗೊತ್ತಿಲ್ಲದವರಿಗಾಗಿ ಎರಡು ಮಾತು. ಸಾಂಪ್ರದಾಯಿಕ ಆಟದಲ್ಲಿ ಎರಡು ಕಂಬಗಳ ನಡುವಿನ ಗೆರೆಯ ಮೇಲೆ ಎಂಟು ಮಂದಿ ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖ ಮಾಡಿ ಕುಕ್ಕರಗಾಲಲ್ಲಿ ಕೂರುತ್ತಾರೆ. ಒಂಬತ್ತನೆಯವಳು ಬೆನ್ನಟ್ಟುತ್ತಾಳೆ. ಎದುರು ತಂಡದ ಮೂವರು ತಪ್ಪಿಸಿಕೊಳ್ಳುತ್ತಾರೆ. ಬೆನ್ನಟ್ಟುವವಳು ನಡುಗೆರೆ ದಾಟುವಂತಿಲ್ಲ. ಒಮ್ಮೆ ಒಂದು ದಿಕ್ಕಿಗೆ ಹೊರಟರೆ ಕಂಬ ಮುಟ್ಟುವವರೆಗೆ ಹಿಂದಿರುಗುವಂತಿಲ್ಲ. ಕೂತವಳ ಬೆನ್ನು ಮುಟ್ಟಿ 'ಖೋ' ಎಂದರೆ ಅವಳು ಎದ್ದು ಓಡಬೇಕು, ಇವಳು ಆ ಜಾಗದಲ್ಲಿ ಕೂರಬೇಕು. ತಪ್ಪಿಸಿಕೊಳ್ಳುವವರಿಗೆ ಈ ಕಟ್ಟುಪಾಡುಗಳಿಲ್ಲ. ಕೂತವರ ನಡುವೆ ಎಲ್ಲಿ ಬೇಕಾದರೂ ನುಸುಳಬಹುದು. ಅಂದರೆ ಒಂದು ಕಡೆ ನಿಯಮಕ್ಕೆ ಕಟ್ಟುಬಿದ್ದ ಒಂಬತ್ತು ಮಂದಿಯ ಹೊಂದಾಣಿಕೆ, ಇನ್ನೊಂದು ಕಡೆ ಸ್ವತಂತ್ರರಾದ ಮೂವರ ಜಾಣತನ. ವಿಶ್ವಕಪ್‌ನಲ್ಲಿ ನಿಯಮಗಳನ್ನು ಕೊಂಚ ಬದಲಿಸಿ, ಮಣ್ಣಿನ ಬದಲು ಮ್ಯಾಟ್ ಹಾಸಿ ಆಡಿಸಿದರು. ಮೂರು ನಿಮಿಷ ದಾಟಿ ಉಳಿದ ಗುಂಪಿಗೆ ಅಲ್ಲಿ ಹೆಚ್ಚುವರಿ ಅಂಕವಿತ್ತು. ಚೈತ್ರಾ ಇದ್ದ ಗುಂಪು ದಕ್ಕಿಸಿಕೊಂಡದ್ದು ಅದನ್ನೇ.

ಸಮುದ್ರದಾಚೆಯ ಕ್ರಮ

ಆಟಗಾರ್ತಿಯರನ್ನು ಹುಡುಕಿ ಬೆಳೆಸುವ ಕೆಲಸವನ್ನು ಒಂದು ದೊಡ್ಡ ವ್ಯವಸ್ಥೆಯಾಗಿ ಕಟ್ಟಿದವರು ಅಮೆರಿಕದ ಕಾಲೇಜುಗಳ ಬ್ಯಾಸ್ಕೆಟ್‌ಬಾಲ್ ತರಬೇತುದಾರರು. ನಮ್ಮ ಕ್ರಮ ಅರ್ಥವಾಗಬೇಕಾದರೆ ಅವರ ಕ್ರಮವನ್ನು ಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು.

ಜೇಮ್ಸ್ ನೈಸ್ಮಿತ್ 1891ರಲ್ಲಿ ಬ್ಯಾಸ್ಕೆಟ್‌ಬಾಲ್ ಹುಟ್ಟುಹಾಕಿದ ಮರುವರ್ಷವೇ ಸೆಂಡಾ ಬೆರೆನ್‌ಸನ್ ಎಂಬ ಶಿಕ್ಷಕಿ ಅದನ್ನು ಮಸಾಚುಸೆಟ್ಸ್‌ನ ಸ್ಮಿತ್ ಕಾಲೇಜಿನ ಹುಡುಗಿಯರಿಗೆ ಕಲಿಸಿದರು. ಆದರೆ ಹೆಣ್ಣುಮಕ್ಕಳು ಹೆಚ್ಚು ಓಡಿ ದಣಿಯಬಾರದು ಎಂಬ ಅಂದಿನ ನಂಬಿಕೆಗೆ ತಕ್ಕಂತೆ ಅಂಕಣವನ್ನು ಮೂರು ಭಾಗ ಮಾಡಿ, ತಮ್ಮ ಭಾಗ ಬಿಟ್ಟು ಯಾರೂ ಆಚೆ ಹೋಗಬಾರದೆಂದು ಗೆರೆ ಎಳೆದರು. ಮೊದಲ ಪಂದ್ಯಕ್ಕೆ ಗಂಡಸರಿಗೆ ಪ್ರವೇಶವೇ ಇರಲಿಲ್ಲ. ಆ ಗೆರೆಗಳು ಬಹುಕಾಲ ಅಳಿಯಲಿಲ್ಲ. ಅಯೋವಾ ರಾಜ್ಯದ ಶಾಲೆಗಳಲ್ಲಿ 1993ರವರೆಗೂ ಹುಡುಗಿಯರು ಅರ್ಧ ಅಂಕಣದ ಆಟವನ್ನೇ ಆಡುತ್ತಿದ್ದರು.

ಬದಲಾವಣೆ ತಂದದ್ದು ಒಂದು ಕಾನೂನು. 1972ರಲ್ಲಿ ಬಂದ 'ಟೈಟಲ್ ನೈನ್' ಎಂಬ ಶಾಸನ, ಸರ್ಕಾರದ ಹಣ ಪಡೆಯುವ ಯಾವ ವಿದ್ಯಾಸಂಸ್ಥೆಯೂ ಹೆಣ್ಣು-ಗಂಡು ಭೇದ ಮಾಡಬಾರದು ಎಂದಿತು. ಆಟವೂ ಅದರೊಳಗೆ ಸೇರಿತು. ಹೆಣ್ಣುಮಕ್ಕಳಿಗೂ ಆಟದ ವಿದ್ಯಾರ್ಥಿವೇತನಗಳು ಬಂದವು. ವೇತನ ಬಂದ ಮೇಲೆ ಅದನ್ನು ಯಾರಿಗೆ ಕೊಡಬೇಕೆಂದು ಹುಡುಕುವ ಕೆಲಸವೂ ಬಂತು. ಪ್ಯಾಟ್ ಸಮಿಟ್ ಎಂಬ ಯುವತಿ 1974ರಲ್ಲಿ ತಮ್ಮ 22ನೆಯ ವಯಸ್ಸಿನಲ್ಲಿ ಟೆನೆಸಿ ವಿಶ್ವವಿದ್ಯಾಲಯದ ಮಹಿಳಾ ತಂಡದ ತರಬೇತುದಾರರಾದಾಗ ತಂಡದ ವ್ಯಾನನ್ನು ಅವರೇ ಓಡಿಸುತ್ತಿದ್ದರು, ಆಟಗಾರ್ತಿಯರ ಬಟ್ಟೆಯನ್ನೂ ಒಗೆಯುತ್ತಿದ್ದರು. 38 ಋತುಗಳ ನಂತರ, 2012ರಲ್ಲಿ ನಿವೃತ್ತರಾಗುವಾಗ ಅವರ ಲೆಕ್ಕದಲ್ಲಿ 1098 ಗೆಲುವುಗಳೂ ಎಂಟು ರಾಷ್ಟ್ರೀಯ ಪ್ರಶಸ್ತಿಗಳೂ ಇದ್ದವು.

ಆಟಗಾರ್ತಿಯ ಮನೆಗೇ ಹೋಗಿ ತಂದೆ-ತಾಯಿಯರ ಜೊತೆ ಕೂತು ಮಾತನಾಡುವುದು ಅಲ್ಲಿನ ಪದ್ಧತಿ. 1990ರಲ್ಲಿ ಸಮಿಟ್ ತುಂಬು ಬಸುರಿ. ಆ ಸ್ಥಿತಿಯಲ್ಲೂ ಮಿಶೆಲ್ ಮಾರ್ಸಿನಿಯಾಕ್ ಎಂಬ ಹುಡುಗಿಯನ್ನು ಒಪ್ಪಿಸಲು ವಿಮಾನ ಹತ್ತಿ ಪೆನ್ಸಿಲ್ವೇನಿಯಾದ ಅವಳ ಮನೆಗೆ ಹೋದರು. ಅಲ್ಲಿ ಹೆರಿಗೆಯ ಲಕ್ಷಣ ಕಾಣಿಸಿತು. ಮಗು ಟೆನೆಸಿಯಲ್ಲೇ ಹುಟ್ಟಬೇಕೆಂದು ಹಟ ಹಿಡಿದು ಅದೇ ವಿಮಾನದಲ್ಲಿ ವಾಪಸಾದರು. ಇಷ್ಟಾದರೂ ಹುಡುಗಿ ಸೇರಿದ್ದು ಬೇರೆ ವಿಶ್ವವಿದ್ಯಾಲಯಕ್ಕೆ. ಒಂದು ವರ್ಷದ ಬಳಿಕ ಮನಸ್ಸು ಬದಲಿಸಿ ಟೆನೆಸಿಗೆ ಬಂದಳು. 1996ರಲ್ಲಿ ತಂಡ ರಾಷ್ಟ್ರೀಯ ಪ್ರಶಸ್ತಿ ಗೆದ್ದಾಗ ಮುಂದಿದ್ದವಳು ಅವಳೇ. ಸಮಿಟ್ ಅವರ ಇನ್ನೊಂದು ಹೆಗ್ಗಳಿಕೆಯನ್ನು ಇಲ್ಲಿ ನೆನೆಯಬೇಕು. ಅವರ ತಂಡದಲ್ಲಿ ಆಡುವ ಅವಧಿಯನ್ನು ಪೂರ್ತಿ ಮುಗಿಸಿದ ಆಟಗಾರ್ತಿಯರೆಲ್ಲರೂ ಪದವಿಯನ್ನೂ ಪಡೆದರು. ಮನೆಯವರಿಗೆ ಕೊಟ್ಟ ಮಾತು ಎಂದರೆ ಅದು.

ಡ್ರಿಲ್ ಮೇಷ್ಟ್ರು ಬಂದ ಬಗೆ

ಕುರುಬೂರಿಗೆ ವಿಮಾನದಲ್ಲಿ ಯಾವ ತರಬೇತುದಾರರೂ ಬರುವುದಿಲ್ಲ. ನಮ್ಮಲ್ಲಿ ಆ ಕೆಲಸ ಮಾಡುವವರು ಊರಿನಲ್ಲೇ ಇರುತ್ತಾರೆ. ದಾಖಲೆಗಳಲ್ಲಿ ಅವರು ದೈಹಿಕ ಶಿಕ್ಷಣ ಶಿಕ್ಷಕರು. ಜನರ ಬಾಯಲ್ಲಿ ಡ್ರಿಲ್ ಮೇಷ್ಟ್ರು ಅಥವಾ ಪಿ.ಟಿ. ಮೇಷ್ಟ್ರು.

ಈ ಹೆಸರಿನಲ್ಲೇ ಚರಿತ್ರೆ ಇದೆ. ಹತ್ತೊಂಬತ್ತನೆಯ ಶತಮಾನದ ಶಾಲೆಗಳಲ್ಲಿ ಮೈ ಪಳಗಿಸುವುದೆಂದರೆ ಸೇನೆಯ ಕವಾಯತು. ಕಲಿಸುವವರು ಬಹುಮಟ್ಟಿಗೆ ಪಲ್ಟಣದಿಂದ ನಿವೃತ್ತರಾದವರು. ಸಾಲು, ಶಿಸ್ತು, ಎಡ-ಬಲ. ಆಟಕ್ಕೆ ಅಲ್ಲಿ ಜಾಗ ಕಡಿಮೆ, ಹುಡುಗಿಯರಿಗಂತೂ ಇಲ್ಲವೇ ಇಲ್ಲ. ಮೈಸೂರಿನಲ್ಲಿ ಅರಮನೆ ಬಕ್ಷಿ ಅಂಬಳೆ ನರಸಿಂಹ ಅಯ್ಯಂಗಾರ್ಯರ ಪ್ರಯತ್ನದಿಂದ 1881ರಲ್ಲಿ ಮಹಾರಾಣಿ ಬಾಲಿಕಾ ಪಾಠಶಾಲೆ ತೆರೆದಾಗ ಹುಡುಗಿಯರನ್ನು ಶಾಲೆಯ ಬಾಗಿಲವರೆಗೆ ಕರೆತರುವುದೇ ದೊಡ್ಡ ಸಾಹಸವಾಗಿತ್ತು. ಮೈದಾನ ಬಹಳ ದೂರದ ಮಾತು.

ಕವಾಯತನ್ನು ಆಟವಾಗಿಸಿದ್ದರಲ್ಲಿ 1920ರಲ್ಲಿ ಹ್ಯಾರಿ ಕ್ರೋ ಬಕ್ ಮದರಾಸಿನಲ್ಲಿ ಆರಂಭಿಸಿದ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜಿನ ಪಾಲು ದೊಡ್ಡದು. ದಕ್ಷಿಣ ಭಾರತದ ಶಾಲೆಗಳಿಗೆ ತರಬೇತಿ ಪಡೆದ ಆಟದ ಮೇಷ್ಟ್ರುಗಳು ಅಲ್ಲಿಂದ ಬಂದರು. ದೈಹಿಕ ಶಿಕ್ಷಣವೂ ಒಂದು ವಿದ್ಯೆ, ಅದಕ್ಕೂ ಪಠ್ಯವಿದೆ, ಪರೀಕ್ಷೆ ಇದೆ ಎಂಬ ಭಾವನೆ ಬಲಿಯಿತು. ಸ್ವಾತಂತ್ರ್ಯಾನಂತರ 1961ರಲ್ಲಿ ಪಟಿಯಾಲದಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಬಂತು, 1984ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಬಂತು. ತರಬೇತುದಾರ ಎಂಬ ಬೇರೆಯ ವೃತ್ತಿಯೇ ಬೆಳೆಯಿತು. ಆದರೂ ಹಳ್ಳಿಯ ಮಟ್ಟದಲ್ಲಿ ಹುಡುಗಿಯೊಬ್ಬಳನ್ನು ಮೊದಲು ಕಾಣುವ ಅವಕಾಶ ಇಂದಿಗೂ ಡ್ರಿಲ್ ಮೇಷ್ಟ್ರದ್ದೇ.

ಆ ಅವಕಾಶಕ್ಕೆ ಒಂದು ಏಣಿ ಕಟ್ಟಿದ್ದು ಶಾಲಾ ಕ್ರೀಡಾಕೂಟಗಳು. 1954ರಲ್ಲಿ ಭಾರತ ಶಾಲಾ ಕ್ರೀಡಾ ಫೆಡರೇಷನ್ ಆರಂಭವಾದ ಮೇಲೆ ಈ ಏಣಿಯ ತುದಿ ರಾಷ್ಟ್ರಮಟ್ಟಕ್ಕೆ ಮುಟ್ಟಿತು. ನಮ್ಮ ರಾಜ್ಯದಲ್ಲಿ ಮೊದಲ ಮೆಟ್ಟಿಲು ಕ್ಲಸ್ಟರ್ ಅಥವಾ ಹೋಬಳಿ. ಆಮೇಲೆ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. ಮಳೆಗಾಲದ ತಿಂಗಳುಗಳಲ್ಲಿ ನಂಜನಗೂಡು ಅಥವಾ ತಿ. ನರಸೀಪುರದ ಬಸ್ ನಿಲ್ದಾಣದಲ್ಲಿ ಒಂದೇ ಬಣ್ಣದ ಅಂಗಿ ತೊಟ್ಟ ಹುಡುಗಿಯರ ಗುಂಪು, ಕೈಯಲ್ಲಿ ಪಟ್ಟಿ ಹಿಡಿದ ಮೇಷ್ಟ್ರು, ಜೊತೆಗೊಬ್ಬ ಟೀಚರು ಕಂಡರೆ ಅದು ಇದೇ ಏಣಿಯ ನೋಟ. ನಂಜನಗೂಡು ತಾಲ್ಲೂಕಿನ ಸುತ್ತೂರು ಜಾತ್ರೆಯಲ್ಲಿ ನಡೆಯುವ ಕುಸ್ತಿ, ದೇಸಿ ಆಟಗಳ ಸ್ಪರ್ಧೆಗಳು ಇನ್ನೊಂದು ಬಗೆಯವು. ಅಲ್ಲಿ ಹೆಂಗಸರು ಊರ ಮುಂದೆ ಆಡುತ್ತಾರೆ. ಹೆಣ್ಣುಮಗಳು ನಾಲ್ಕು ಜನರೆದುರು ಓಡುವುದು ನಾಚಿಕೆಯ ವಿಷಯವಲ್ಲ ಎಂಬ ತಿಳಿವಳಿಕೆ ಇಂಥ ಕಡೆಗಳಲ್ಲೂ ನಿಧಾನವಾಗಿ ನೆಲೆಯೂರುತ್ತದೆ.

ಮೇಷ್ಟ್ರ ಕಣ್ಣಿಗೆ ಬೀಳುವುದೇನು?

ನೂರು ಮೀಟರ್ ಓಟದಲ್ಲಿ ಮೊದಲು ಬಂದವಳೇ ಖೋ ಖೋ ತಂಡಕ್ಕೆ ಮೊದಲ ಆಯ್ಕೆ ಎಂದುಕೊಂಡರೆ ತಪ್ಪಾಗುತ್ತದೆ. ಆಟದ ಅಂಕಣ 27 ಮೀಟರ್ ಉದ್ದ, 16 ಮೀಟರ್ ಅಗಲ. ನೇರವಾಗಿ ಓಡಲು ಅಲ್ಲಿ ಜಾಗವೇ ಇಲ್ಲ. ಬೇಕಾದದ್ದು ನಿಂತಲ್ಲಿಂದ ಚಿಮ್ಮುವ ಶಕ್ತಿ, ಓಡುತ್ತ ಓಡುತ್ತಲೇ ಸರಕ್ಕನೆ ತಿರುಗುವ ಸೊಂಟ, ನೆಲಕ್ಕೆ ಹತ್ತಿರವಾಗಿ ಬಗ್ಗಿದ ಮೈ. ಅದಕ್ಕಿಂತ ಹೆಚ್ಚಾಗಿ ಎದುರಿನವಳ ಭುಜ ಯಾವ ಕಡೆ ವಾಲುತ್ತಿದೆ ಎಂದು ಓದುವ ಕಣ್ಣು. ಬಿಡುವಿನ ವೇಳೆ ಮುಟ್ಟಾಟ ಆಡುವಾಗ ಯಾರ ಕೈಗೂ ಸಿಗದ ಹುಡುಗಿಯೊಬ್ಬಳು ಪ್ರತಿ ಶಾಲೆಯಲ್ಲೂ ಇರುತ್ತಾಳೆ. ಅನುಭವಿ ಮೇಷ್ಟ್ರು ಅವಳನ್ನು ಗುರುತಿಟ್ಟುಕೊಳ್ಳುತ್ತಾರೆ. ಐದು-ಆರನೆಯ ತರಗತಿಯ ವಯಸ್ಸು ಇದಕ್ಕೆ ಸರಿಯಾದದ್ದು. ಮೈ ಇನ್ನೂ ಹಗುರ, ಬಿದ್ದರೆ ಹೆದರಿಕೆಯಿಲ್ಲ.

ಆಮೇಲಿನದು ಕಾಯಕ. ಬೆನ್ನಟ್ಟುವ ಕಲಿಕೆಯಲ್ಲಿ ಮೊದಲ ಪಾಠ ಕೂರುವುದು. ಕುಕ್ಕರಗಾಲಲ್ಲಿ ಕೂತು 'ಖೋ' ಕಿವಿಗೆ ಬಿದ್ದ ಕ್ಷಣವೇ ಏಳುವುದು. ಕಾಲು ನಡುಗೆರೆ ತುಳಿಯಬಾರದು, 'ಖೋ' ಬರುವ ಮುನ್ನ ಏಳಲೂಬಾರದು. ಇದನ್ನು ನೂರಾರು ಬಾರಿ ಮಾಡಿಸುತ್ತಾರೆ. ನಂತರ ಕಂಬದ ಡೈವ್: ಓಡಿ ಬಂದು ಒಂದು ಕೈಯಲ್ಲಿ ಕಂಬ ಹಿಡಿದು ಮೈಯನ್ನು ಪೂರ್ತಿ ಚಾಚಿ ಇನ್ನೊಂದು ಕೈಯಲ್ಲಿ ಓಟಗಾರ್ತಿಯನ್ನು ಮುಟ್ಟುವುದು. ಮಣ್ಣಿನ ನೆಲದಲ್ಲಿ ಇದನ್ನು ಕಲಿತವರ ಮೊಣಕೈ, ಮೊಣಕಾಲುಗಳಲ್ಲಿ ಗಾಯದ ಗುರುತು ಇದ್ದೇ ಇರುತ್ತದೆ. ತಪ್ಪಿಸಿಕೊಳ್ಳುವ ಕಲಿಕೆಯಲ್ಲಿ ಸರಪಳಿ ಓಟ ಮುಖ್ಯ. ಕೂತವರ ನಡುವೆ ಹಾವಿನಂತೆ ಒಳಗೆ-ಹೊರಗೆ ನುಸುಳುತ್ತ ಹೋಗಬೇಕು. ಪ್ರತಿ ಹೆಜ್ಜೆಯಲ್ಲೂ ಮುಂದಿನ 'ಖೋ' ಯಾರಿಗೆ ಬೀಳುತ್ತದೆಂದು ಲೆಕ್ಕ ಹಾಕಬೇಕು. ಉಸಿರು ಕಟ್ಟಿದಾಗಲೂ ಲೆಕ್ಕ ತಪ್ಪಬಾರದು. ದೆಹಲಿಯ ಮ್ಯಾಟಿನ ಮೇಲೆ ಐದು ನಿಮಿಷ ಉಳಿದ ಓಟದ ಹಿಂದೆ ಮಣ್ಣಿನ ಮೇಲೆ ಕಳೆದ ಇಂಥ ಸಾವಿರಾರು ಸಂಜೆಗಳ ಲೆಕ್ಕಾಚಾರವಿದೆ.

ಇಲ್ಲೊಂದು ಸೂಕ್ಷ್ಮವಿದೆ. ಬೆನ್ನಟ್ಟುವುದನ್ನು ಒಬ್ಬಳಿಗೆ ಕಲಿಸಲಾಗದು. ಎಂಟು ಮಂದಿ ಕೂರದೆ ಒಬ್ಬಳ ಅಭ್ಯಾಸ ನಡೆಯದು. ಹೀಗಾಗಿ ಒಬ್ಬ ಪ್ರತಿಭಾವಂತೆಯನ್ನು ಬೆಳೆಸಬೇಕಾದರೆ ಊರಿನ ಹದಿನೈದಿಪ್ಪತ್ತು ಹುಡುಗಿಯರನ್ನು ದಿನವೂ ಮೈದಾನಕ್ಕೆ ತರಬೇಕು. ಅವರಲ್ಲಿ ಹೆಚ್ಚಿನವರ ಹೆಸರು ಎಂದೂ ಪತ್ರಿಕೆಯಲ್ಲಿ ಬರುವುದಿಲ್ಲ. ಅವರು ಕೂತದ್ದರಿಂದ ಇವಳು ಓಡಿದಳು.

ಮನೆಯ ಒಪ್ಪಿಗೆ

ಪ್ಯಾಟ್ ಸಮಿಟ್ ಅವರಿಗೂ ನಮ್ಮ ಡ್ರಿಲ್ ಮೇಷ್ಟ್ರಿಗೂ ಒಂದು ಹೋಲಿಕೆಯಿದೆ. ಇಬ್ಬರೂ ಕೊನೆಗೆ ನಿಲ್ಲಬೇಕಾದದ್ದು ಒಂದು ಮನೆಯ ಬಾಗಿಲಲ್ಲಿ. ಆದರೆ ಅಲ್ಲಿ ನಡೆಯುವ ಮಾತು ಬೇರೆ. ಅಮೆರಿಕದ ಮನೆಯಲ್ಲಿ ಪ್ರಶ್ನೆ, ಹಲವು ಕಾಲೇಜುಗಳಲ್ಲಿ ಯಾವುದು ಎಂದು. ಇಲ್ಲಿನ ಮನೆಯಲ್ಲಿ ಪ್ರಶ್ನೆ, ಆಟ ಬೇಕೇ ಬೇಡವೇ ಎಂದು. ಸಂಜೆ ಹೊತ್ತು ಮೀರಿದರೆ ಯಾರು ಕರೆತರುತ್ತಾರೆ? ಪಂದ್ಯಕ್ಕೆ ಪರ ಊರಿಗೆ ಹೋದರೆ ಎಲ್ಲಿ ಮಲಗುತ್ತಾರೆ? ದೊಡ್ಡವಳಾದ ಮೇಲೆ ಚಡ್ಡಿ ತೊಟ್ಟು ಆಡಿದರೆ ನೆಂಟರು ಏನೆಂದಾರು? ಕೈಕಾಲು ಮುರಿದರೆ ಗತಿಯೇನು? ಹೊಲದ ಕೆಲಸ, ತಮ್ಮ-ತಂಗಿಯರ ಜವಾಬ್ದಾರಿ ಯಾರದ್ದು?

ಇವು ಅಜ್ಞಾನದ ಪ್ರಶ್ನೆಗಳೇನಲ್ಲ. ಮಗಳನ್ನು ಇನ್ನೊಬ್ಬರ ಕೈಗೆ ಒಪ್ಪಿಸುವ ಯಾವ ತಾಯಿ-ತಂದೆಯೂ ಕೇಳಬೇಕಾದವೇ. 2023ರಲ್ಲಿ ದೇಶದ ಹೆಸರಾಂತ ಮಹಿಳಾ ಕುಸ್ತಿಪಟುಗಳು ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತದ್ದನ್ನು ಟಿ.ವಿ.ಯಲ್ಲಿ ನೋಡಿದ ಹಳ್ಳಿಯ ಮನೆಗಳಲ್ಲಿ ಈ ಅಂಜಿಕೆ ಹೆಚ್ಚಾಗಿದ್ದರೆ ಆಶ್ಚರ್ಯವಿಲ್ಲ. ಈ ಅಂಜಿಕೆಯನ್ನು ಕಳೆಯಬಲ್ಲದ್ದು ನಂಬಿಕೆಯೊಂದೇ. ಊರಲ್ಲೇ ಇದ್ದು, ಅಣ್ಣ-ಅಕ್ಕಂದಿರಿಗೂ ಪಾಠ ಹೇಳಿ, ಹಬ್ಬಕ್ಕೆ ಕರೆದರೆ ಮನೆಗೆ ಬರುವ ಮೇಷ್ಟ್ರಿಗೆ ಅದು ವರ್ಷಗಳಲ್ಲಿ ಕೂಡಿಬರುತ್ತದೆ. ಪಟ್ಟಣದಿಂದ ಒಂದು ದಿನ ಬಂದು ಹೋಗುವ ಆಯ್ಕೆದಾರರಿಗೆ ಬರುವುದಿಲ್ಲ. ಹುಡುಗಿಯರ ತಂಡದ ಜೊತೆ ಶಿಕ್ಷಕಿಯೊಬ್ಬರು ಹೋಗುವ ವಾಡಿಕೆಯೂ ಇದೇ ಕಾರಣಕ್ಕೆ ಬೆಳೆದದ್ದು. ಮೈದಾನದಲ್ಲಿ ಶಿಕ್ಷಕಿಯರ ಸಂಖ್ಯೆ ಹೆಚ್ಚಿದಷ್ಟೂ ಮನೆಯ ಮಾತು ಸುಲಭವಾಗುತ್ತದೆ.

ಆಟಕ್ಕೆ ಸಂಬಂಧವಿಲ್ಲದಂತೆ ಕಾಣುವ ಸಂಗತಿಗಳೂ ಇಲ್ಲಿ ಕೆಲಸ ಮಾಡುತ್ತವೆ. 2006-07ರಲ್ಲಿ ಆರಂಭವಾದ ಎಂಟನೆಯ ತರಗತಿಯ ಬೈಸಿಕಲ್ ಯೋಜನೆ ಹುಡುಗಿಯರನ್ನು ಪಕ್ಕದೂರಿನ ಪ್ರೌಢಶಾಲೆಗೆ ಸೇರಿಸಿತು. 2023ರ ಜೂನ್‌ನಲ್ಲಿ ಬಂದ ಮಹಿಳೆಯರ ಉಚಿತ ಬಸ್ ಪ್ರಯಾಣ, ತಾಲ್ಲೂಕು ಕೇಂದ್ರದ ಮೈದಾನಕ್ಕೆ ಹೋಗಿಬರುವ ಖರ್ಚನ್ನು ಇಲ್ಲವಾಗಿಸಿತು. ದಿನಕ್ಕೆ ನಲವತ್ತು-ಐವತ್ತು ರೂಪಾಯಿ ಬಸ್ ಚಾರ್ಜು ಹೊಂದಿಸಲಾರದೆ ಆಟ ನಿಂತ ಮನೆಗಳಿಗೆ ಇದು ಸಣ್ಣ ಮಾತಲ್ಲ.

ಹತ್ತನೆಯ ತರಗತಿಯ ಆಚೆ

ಏಣಿಯ ದುರ್ಬಲ ಮೆಟ್ಟಿಲು ಎಲ್ಲಿದೆ ಎಂದು ಯಾವ ಹಳೆಯ ಡ್ರಿಲ್ ಮೇಷ್ಟ್ರನ್ನು ಕೇಳಿದರೂ ಉತ್ತರ ಒಂದೇ: ಎಸ್ಸೆಸ್ಸೆಲ್ಸಿ ಆದ ಮೇಲೆ. ಶಾಲೆಯ ತಂಡ ಅಲ್ಲಿಗೆ ಚದುರಿಹೋಗುತ್ತದೆ. ಒಬ್ಬಳು ನಂಜನಗೂಡಿನ ಕಾಲೇಜಿಗೆ, ಒಬ್ಬಳು ಮೈಸೂರಿಗೆ. ಒಬ್ಬಳಿಗೆ ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ಕೆಲಸ, ಒಬ್ಬಳಿಗೆ ಗಂಡು ಗೊತ್ತಾಗುತ್ತದೆ. ಎಷ್ಟೋ ಪದವಿಪೂರ್ವ ಕಾಲೇಜುಗಳಲ್ಲಿ ದೈಹಿಕ ಶಿಕ್ಷಣಕ್ಕೆ ಉಪನ್ಯಾಸಕರಿಲ್ಲ. ಆಟಗಾರ್ತಿಯ ಮೈ ಮತ್ತು ಬುದ್ಧಿ ಎರಡೂ ಮಾಗುವ ಹದಿನಾರು-ಹದಿನೆಂಟರ ವಯಸ್ಸಿನಲ್ಲೇ ಅವಳಿಗೆ ಹೇಳಿಕೊಡುವವರು ಇಲ್ಲವಾಗುತ್ತಾರೆ. ಅಮೆರಿಕದಲ್ಲಿ ತರಬೇತುದಾರರು ಹುಡುಕಿಕೊಂಡು ಬರುವ ವಯಸ್ಸು ಇದೇ ಎಂಬುದನ್ನು ನೆನೆದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ನಮ್ಮಲ್ಲಿಯೂ ಕ್ರೀಡಾ ಹಾಸ್ಟೆಲುಗಳಿವೆ, ಕಾಲೇಜುಗಳಲ್ಲಿ ಕ್ರೀಡಾ ಕೋಟಾದ ಸೀಟುಗಳಿವೆ, ಅಂತರಕಾಲೇಜು ಹಾಗೂ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗಳಿವೆ. ಆದರೆ ನಿಜವಾದ ಸೆಳೆತ ನೌಕರಿಯದು. ರೈಲ್ವೆ, ಪೊಲೀಸ್, ವಿಮಾನ ನಿಲ್ದಾಣ ಪ್ರಾಧಿಕಾರದಂಥ ಸಂಸ್ಥೆಗಳು ಆಟಗಾರ್ತಿಯರನ್ನು ಕೆಲಸಕ್ಕೆ ತೆಗೆದುಕೊಂಡು ತಮ್ಮ ತಂಡ ಕಟ್ಟುತ್ತವೆ. ಅಲ್ಲಿ ವಿದ್ಯಾರ್ಥಿವೇತನ ಮಾಡುವ ಕೆಲಸವನ್ನು ಇಲ್ಲಿ ಸಂಬಳ ಮಾಡುತ್ತದೆ. ಮಗಳಿಗೆ ಆಟದಿಂದ ಕೆಲಸ ಸಿಕ್ಕಿತು ಎಂಬ ಒಂದು ಸುದ್ದಿ ಊರಿನ ಹತ್ತು ಮನೆಗಳ ಬಾಗಿಲು ತೆರೆಸುತ್ತದೆ.

ಪಕ್ಕದ ಮಹಾರಾಷ್ಟ್ರದ ಸಾರಿಕಾ ಕಾಳೆ ಇದಕ್ಕೆ ಒಳ್ಳೆಯ ನಿದರ್ಶನ. ಈಗ ಧಾರಾಶಿವ ಎನಿಸಿಕೊಂಡಿರುವ ಉಸ್ಮಾನಾಬಾದಿನ ಬಡ ಮನೆಯ ಹುಡುಗಿ ಆಕೆ. ಸುಮಾರು ಹತ್ತು ವರ್ಷ ದಿನಕ್ಕೆ ಒಂದೇ ಊಟದಲ್ಲಿ ಕಳೆದದ್ದನ್ನು ಮುಂದೆ ಹೇಳಿಕೊಂಡರು. ಮನೆಯ ಕಷ್ಟಕ್ಕೆ ಆಟವನ್ನೇ ಬಿಡಹೊರಟಾಗ ತಡೆದು ಮೈದಾನಕ್ಕೆ ವಾಪಸು ತಂದವರು ತರಬೇತುದಾರ ಚಂದ್ರಜಿತ್ ಜಾಧವ್. 2016ರಲ್ಲಿ ಗುವಾಹಟಿಯ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಸಾರಿಕಾ ನಾಯಕತ್ವದ ಭಾರತ ತಂಡ ಚಿನ್ನ ಗೆದ್ದಿತು. 2020ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ ಬಂದಾಗ, ಎರಡು ದಶಕಗಳಿಗೂ ಹೆಚ್ಚು ಕಾಲ ಆ ಗೌರವ ಕಾಣದಿದ್ದ ಖೋ ಖೋ ಮತ್ತೆ ಸುದ್ದಿಯಾಯಿತು. ಅಷ್ಟರಲ್ಲಿ ಅವರು ಸರ್ಕಾರದ ಕ್ರೀಡಾಧಿಕಾರಿಯೂ ಆಗಿದ್ದರು. 2023ನೆಯ ಸಾಲಿನ ಪ್ರಶಸ್ತಿ ಇನ್ನೊಬ್ಬ ಆಟಗಾರ್ತಿ ನಸ್ರೀನ್ ಶೇಖ್ ಅವರದಾಯಿತು.

ಗೆದ್ದ ಮೇಲೆ

ವಿಶ್ವಕಪ್ ಮುಗಿದ ಕೆಲವೇ ದಿನಗಳಲ್ಲಿ ಕರ್ನಾಟಕ ಸರ್ಕಾರ ರಾಜ್ಯದ ಇಬ್ಬರು ವಿಜೇತರಿಗೆ ತಲಾ 5 ಲಕ್ಷ ರೂಪಾಯಿ ಬಹುಮಾನ ಘೋಷಿಸಿತು. ಪುರುಷರ ತಂಡದಲ್ಲಿದ್ದ ಎಂ.ಕೆ. ಗೌತಮ್ ಮತ್ತು ಚೈತ್ರಾ ಇಬ್ಬರೂ ಅದನ್ನು ಒಪ್ಪಲಿಲ್ಲ. ಮಹಾರಾಷ್ಟ್ರ ತನ್ನ ಆಟಗಾರರಿಗೆ ತಲಾ 2.25 ಕೋಟಿ ರೂಪಾಯಿ ಮತ್ತು ಸರ್ಕಾರಿ ಹುದ್ದೆ ಘೋಷಿಸಿದ್ದನ್ನು ಅವರು ಎತ್ತಿ ತೋರಿಸಿದರು. ಕೆಲವರಿಗೆ ಇದು ದುಡ್ಡಿನ ಚೌಕಾಸಿಯಂತೆ ಕಂಡಿರಬಹುದು. ಆದರೆ ಮನೆಯ ಒಪ್ಪಿಗೆಯ ಮಾತನ್ನು ನೆನೆದು ನೋಡಿದರೆ ಅದರ ಅರ್ಥ ಬೇರೆಯಾಗುತ್ತದೆ. ಲೋಕ ಗೆದ್ದು ಬಂದವಳಿಗೆ ಏನು ಸಿಕ್ಕಿತು ಎಂದು ನೋಡುವವರು ಊರಿನ ಉಳಿದ ಹುಡುಗಿಯರ ತಂದೆ-ತಾಯಂದಿರು. ಮುಂದಿನ ಬಾರಿ ಮೇಷ್ಟ್ರು ಬಾಗಿಲಿಗೆ ಬಂದಾಗ ಅವರು ಕೊಡುವ ಉತ್ತರ ಇದರ ಮೇಲೆ ನಿಂತಿದೆ. ಖೋ ಖೋದಲ್ಲಿ 2022ರಿಂದ ಬಂದ ಹಣದ ಲೀಗ್ ಕೂಡ ಪುರುಷರಿಗಾಗಿಯೇ ಶುರುವಾದದ್ದು ಎಂಬುದನ್ನೂ ಇಲ್ಲಿ ಮರೆಯುವಂತಿಲ್ಲ.

ಇನ್ನೊಂದು ಮಾತು ಮೇಷ್ಟ್ರದೇ. ತಮ್ಮನ್ನು ಉಳಿದ ಸಹ ಶಿಕ್ಷಕರ ಸಮಾನವಾಗಿ ಕಾಣಬೇಕು, ಪ್ರೊ. ವೈದ್ಯನಾಥನ್ ವರದಿಯನ್ನು ಜಾರಿಗೆ ತರಬೇಕು ಎಂದು ರಾಜ್ಯದ ದೈಹಿಕ ಶಿಕ್ಷಕರು ವರ್ಷಗಳಿಂದ ಕೇಳುತ್ತ ಬಂದಿದ್ದಾರೆ. ಮಕ್ಕಳ ಸಂಖ್ಯೆ ಕಡಿಮೆ ಇರುವ ಹಳ್ಳಿಯ ಶಾಲೆಗಳಲ್ಲಿ ಆ ಹುದ್ದೆಯೇ ಇರುವುದಿಲ್ಲ. ಇದ್ದ ಕಡೆ ನಿವೃತ್ತರಾದವರ ಜಾಗ ತುಂಬಲು ತಡವಾಗುತ್ತದೆ. ಗಣಿತದ ಮೇಷ್ಟ್ರು ಇಲ್ಲದಿದ್ದರೆ ಫಲಿತಾಂಶದಲ್ಲಿ ಗೊತ್ತಾಗುತ್ತದೆ. ಡ್ರಿಲ್ ಮೇಷ್ಟ್ರು ಇಲ್ಲದಿದ್ದರೆ ಎಲ್ಲಿಯೂ ಗೊತ್ತಾಗುವುದಿಲ್ಲ, ಏಕೆಂದರೆ ಯಾರ ಕಣ್ಣಿಗೂ ಬೀಳದ ಹುಡುಗಿಯನ್ನು ಯಾವ ಪಟ್ಟಿಯೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅವಳು ಬಿಡುವಿನ ವೇಳೆ ಮುಟ್ಟಾಟದಲ್ಲಿ ಎಲ್ಲರಿಂದ ತಪ್ಪಿಸಿಕೊಳ್ಳುತ್ತಾಳೆ. ಗಂಟೆ ಬಾರಿಸಿದಾಗ ಒಳಗೆ ಹೋಗಿ ಕೂರುತ್ತಾಳೆ, ಅಷ್ಟೇ.

ಕುರುಬೂರಿನಲ್ಲಿ ಒಬ್ಬರು ನೋಡಿದರು. ನೋಡಿದ ಮೇಲೆ ವರ್ಷಗಟ್ಟಲೆ ಬಿಡದೆ ಹಿಂದೆ ನಿಂತರು. ಖೋ ಖೋ ಆಟದ ಮೊದಲ ನಿಯಮವೂ ಇದೇ ಅಲ್ಲವೇ: ಹಿಂದಿನಿಂದ ಯಾರಾದರೂ ಬೆನ್ನು ಮುಟ್ಟಿ 'ಖೋ' ಎನ್ನುವವರೆಗೆ ಕೂತವಳು ಏಳುವಂತಿಲ್ಲ. ನಂಜನಗೂಡು, ನರಸೀಪುರದ ಕಡೆಯ ಊರುಗಳಲ್ಲಿ ಇಂದಿಗೂ ಎಷ್ಟೋ ಹುಡುಗಿಯರು ಆ ಕೂಗಿಗಾಗಿ ಕಿವಿಗೊಟ್ಟು ಕೂತಿದ್ದಾರೆ.